ಶ್ರುತಿಪೆಟ್ಟಿಗೆಯೊಡನೆ ಹ್ಯೂಸ್ಟನ್‌ಗೆ

ಡಾಲಸ್‌ನಿಂದ ಹ್ಯೂಸ್ಟನ್‌ಗೆ ಇನ್ನೂರ ನಲವತ್ತು ಮೈಲಿ, ಬಸ್ಸಿನಲ್ಲಿ ಐದು ಗಂಟೆ. ೨೦೦೩ರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಹತ್ತಿದೆ. ಟಿಕೆಟ್ಟಿಗೆ ಮೂವತ್ತು ಡಾಲರ್. ಚೀಲದಲ್ಲಿ ಚಿತ್ರಾನ್ನ, ಮಡಿಲಲ್ಲಿ ಮೈಸೂರಿನಿಂದ ತಂದಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು. ಬಾಯಿ ಬಿಡದೆ ಐದು ಗಂಟೆ ಕೂರುವುದು ನನಗೇನೂ ಕಷ್ಟವಲ್ಲ. ಡಾಲಸ್‌ನಲ್ಲಿ ಒಬ್ಬಳೇ ಇರುವವಳಿಗೆ ರಜೆಯ ದಿನವೆಲ್ಲ ಅದೇ ಕೆಲಸ.

ಹೊರಟಿದ್ದು ನನ್ನ ಗುರು ಮಿಸ್ ಮೆಗನ್ ಅವರನ್ನು ನೋಡಲು. ವೇಲ್ಸ್ ದೇಶದ ಕಲ್ಲಿದ್ದಲು ಗಣಿಯ ಊರಿನವರು. ಚರ್ಚಿನಲ್ಲಿ ಹಾಡಿ ಕಲಿತು, ಲಂಡನ್ನಿನ ರಂಗದ ಮೇಲೆ ಇಪ್ಪತ್ತು ವರ್ಷ ಹಾಡಿ, ಆಮೇಲೆ ಹ್ಯೂಸ್ಟನ್‌ಗೆ ಬಂದು ಪಾಠ ಹೇಳಿದವರು. ಒಂದು ಸಂಜೆ ಮೇಲಿನ ಸ್ವರವೊಂದು ಕೈಕೊಟ್ಟಿತಂತೆ, ಅಂದಿನಿಂದ ಹಾಡಿಲ್ಲ. ಹ್ಯೂಸ್ಟನ್‌ನಲ್ಲಿದ್ದಾಗ ನಾನು ಎರಡು ವರ್ಷ ಅವರಲ್ಲಿ ಕಲಿತೆ. ಪಿಯಾನೋ ನುಡಿಸಿ ತಿದ್ದುತ್ತಿದ್ದರೇ ಹೊರತು ಒಂದು ಸಾಲೂ ಹಾಡಿ ತೋರಿಸಲಿಲ್ಲ. ಈಗ ಮುಂದಿನ ವಾರ ವೇಲ್ಸ್‌ಗೆ ವಾಪಸ್ಸು ಹೊರಟಿದ್ದರು, ಇನ್ನು ಬರುವಂತಿಲ್ಲ. ಗುರುವಿನ ದನಿಯನ್ನೇ ಕೇಳದ ಶಿಷ್ಯೆಯಾಗಿ ಉಳಿಯಲು ನನಗೆ ಮನಸ್ಸಿರಲಿಲ್ಲ.

ನಿಲ್ದಾಣಕ್ಕೆ ಗಿರಿಜಾ ಆಂಟಿ ಬಂದಿದ್ದರು. ಧಾರವಾಡದವರು, ಊರಂಚಿನ ಕ್ಲಿಯರ್ ಲೇಕ್‌ನಲ್ಲಿ ಮಿಸ್ ಮೆಗನ್ ಅವರ ನೆರೆಮನೆ. ಅಕ್ಟೋಬರಿನಲ್ಲೂ ಬೆವರಿಳಿಸುವ ಸೆಕೆ.

"ಅವರನ್ನ ಹಾಡ್ರಿ ಅಂತ ಕೇಳಬ್ಯಾಡವಾ, ಮನಸ್ಸಿಗೆ ಹಚ್ಕೋತಾರ. ನೀನ ಒಂದ್ ಹಾಡ್ ಹಾಡಿ ಬಾ" ಎಂದರು ಆಂಟಿ.

"ನಾನೂ ಹಾಡಿ ವರ್ಷ ಆಯ್ತು ಆಂಟಿ. ಡಾಲಸ್ಸಲ್ಲಿ ಯಾರು ಕೇಳ್ತಾರೆ?"

ಆಂಟಿ ಕಾರನ್ನು ಮಿಸ್ ಮೆಗನ್ ಅವರ ಬಾಗಿಲಿಗೇ ತಂದು ನಿಲ್ಲಿಸಿದರು.

ಮಿಸ್ ಮೆಗನ್ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಪಿಯಾನೋ ಆಗಲೇ ಹೋಗಿತ್ತು. ಕಾರ್ಪೆಟ್ಟಿನಲ್ಲಿ ಅದರ ಕಾಲಿನ ಗುಳಿ ಮಾತ್ರ ಉಳಿದಿತ್ತು. ಎರಡನೇ ಕಪ್ ಟೀ ಮುಗಿಯುವಾಗ, ಒಂದು ಹಾಡು ಹಾಡಿ ಎಂದು ಕೇಳಿಯೇಬಿಟ್ಟೆ.

"ಆ ಸ್ವರ ಈಗ ಬರುವುದಿಲ್ಲ" ಎಂದರು.

"ಶ್ರುತಿ ಇಳಿಸಿಕೊಳ್ಳಿ ಮಿಸ್. ವಯಸ್ಸಾದರೆ ನಮ್ಮವರು ಮಾಡುವುದು ಅದೇ. ಮೈಸೂರಿನ ನಮ್ಮ ಮೇಷ್ಟ್ರು ಎಂಬತ್ತರಲ್ಲೂ ಕಛೇರಿ ಮಾಡಿದರು."

"ಅದು ಸೋತ ಹಾಗಲ್ಲವೇ?"

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ ತಡವರಿಸಿದೆ. ಮಾತು ಬಿಟ್ಟು ಶ್ರುತಿಪೆಟ್ಟಿಗೆ ಹಾಕಿ, ಶ್ರುತಿಯನ್ನು ಇಳಿಸುತ್ತ ಹೋದೆ. ಒಂದು ಕಡೆ ಅವರು ಕೈ ಎತ್ತಿ ನಿಲ್ಲಿಸಿದರು. ಕಣ್ಣು ಮುಚ್ಚಿ, ತಾಯಿ ಹೇಳಿಕೊಟ್ಟ ಚರ್ಚಿನ ಗೀತೆಯೊಂದನ್ನು ವೆಲ್ಷ್ ಭಾಷೆಯಲ್ಲಿ ಹಾಡಿದರು. ದನಿ ನಡುಗುತ್ತಿತ್ತು. ಆದರೂ ಎಂಥ ದನಿ ಅದು! ಒಂದು ಮಾತೂ ಅರ್ಥವಾಗದೆ ಅಳುತ್ತ ಕೂತಿದ್ದೆ.

ಕಾಲು ಮುಟ್ಟಿ ನಮಸ್ಕರಿಸಿ, ಶ್ರುತಿಪೆಟ್ಟಿಗೆಯನ್ನು ಅವರ ಸಾಮಾನಿನಲ್ಲಿ ಇಟ್ಟೆ.

"ನಿನಗೆ ಬೇಡವೇ?"

"ಇಲ್ಲಿ ಬ್ಯಾಟರಿ ಹಾಕಬೇಕು. ನಿಮ್ಮೂರಿನ ಕರೆಂಟು ನಮ್ಮೂರಿನದರಂತೆಯೇ, ಇದಕ್ಕೆ ಹೊಂದುತ್ತದೆ" ಎಂದೆ.

ಭಾನುವಾರದ ಬಸ್ಸಿನಲ್ಲೂ ಪಕ್ಕದ ಸೀಟು ಖಾಲಿ. ಈಗ ಮಡಿಲೂ ಖಾಲಿ. ಸಂಜೆ ಡಾಲಸ್‌ನಲ್ಲಿ ಮನೆಯ ಬೀಗ ತೆಗೆದಾಗ ಅಡುಗೆಮನೆಯ ಫ್ರಿಜ್ಜು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಚಪ್ಪಲಿ ಕಳಚಿ ಅದರ ಪಕ್ಕ ನಿಂತೆ. ಅದರ ದನಿ ನನ್ನ ಶ್ರುತಿಗಿಂತ ತುಸು ಕೆಳಗಿತ್ತು. ನಾನೂ ಇಳಿಸಿಕೊಂಡು, ಸಾ ಹಿಡಿದೆ.