ಸಾವು ದ್ವೀಪದ ದಾರಿ

ಬೀರಪ್ಪ ಬದುಕಿದ್ದಾನೆ ಎಂಬ ಸುದ್ದಿ ತಂದವರು ಭಟ್ಕಳದ ಮೀರಾನ್ ಸಾಹೇಬರು. ಸಾವಿರದ ಒಂಬೈನೂರ ಐವತ್ತೊಂಬತ್ತರ ಬೇಸಿಗೆ. ಶರಾವತಿಯ ಬಾಯಲ್ಲಿರುವ ಕಾಸರಕೋಡಿನ ಅಂಗಳದಲ್ಲಿ ತಿಮ್ಮಕ್ಕ ತೆಂಗಿನ ನಾರು ಹೊಸೆಯುತ್ತ ಕೂತಿದ್ದಳು. ಗಂಡ ಬೀರಪ್ಪ ಬೊಂಬಾಯಿಯಲ್ಲಿ ಹಡಗು ಹತ್ತಿ ಖಲಾಸಿಯಾಗಿ ಹೋದಮೇಲೆ ಅವಳ ಜೊತೆಗಿದ್ದವಳು ಅತ್ತೆ ಸುಬ್ಬಿಯೊಬ್ಬಳೇ. ಮಕ್ಕಳಾಗಿರಲಿಲ್ಲ.

ಸಾಹೇಬರು ಅದೇ ಹಡಗಿನಲ್ಲಿ ಅಡಿಗೆಯವರಾಗಿದ್ದರು. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಪೂರ್ತಿ ಕುಡಿದು, ಆಮೇಲೆ ಮಾತು ತೆಗೆದರು.

"ತಂಗೀ, ಮೊದ್ಲು ಇದನ್ನ ಕೇಳು. ಬೀರಪ್ಪ ಜೀವಂತ ಇದ್ದಾನೆ. ಹಡಗು ಬಂಡೆಗೆ ಬಡೀತು. ನಾವೆಲ್ಲ ದಡ ಸೇರಿದ್ವಿ. ಅವನ ತೊಡೆ ಮುರಿದಿತ್ತು. ನಮ್ಮನ್ನ ಕರ್ಕೊಂಡು ಹೋಗೋಕೆ ಸರಕಾರಿ ಬೋಟು ಬಂದಾಗ ತೆರೆ ಜೋರು. ಅವನನ್ನ ಆ ಸಣ್ಣ ದೋಣಿಗೆ ಎತ್ತಿ ಹಾಕೋಕೆ ಆಗ್ಲಿಲ್ಲ. ಊರವರು ಮನೇಲಿಟ್ಟು ನೋಡ್ಕೋತಿದ್ದಾರೆ."

"ಎಲ್ಲಿ?"

"ಇಂಡೋನೇಶ್ಯಾದಲ್ಲಿ. ಸಣ್ಣ ದ್ವೀಪ."

"ಹೆಸರು ಎಂತ?"

ಸಾಹೇಬರು ಟೊಪ್ಪಿ ತೆಗೆದು ತಲೆ ಸವರಿಕೊಂಡರು. "ಸಾವು ಅಂತ. ಅಲ್ಲಿಯವರ ಬಾಯಲ್ಲಿ ಅದು ಬರೇ ಊರಿನ ಹೆಸರು, ತಂಗಿ."

ಒಳಗಿದ್ದ ಸುಬ್ಬಿಯ ಕಿವಿಗೆ ಬಿದ್ದದ್ದು ಆ ಒಂದೇ ಶಬ್ದ. ಅವಳು ಎದೆ ಬಡಿದುಕೊಂಡು ಅತ್ತಳು. ಸಂಜೆಯೊಳಗೆ ಕೇರಿಯ ಹೆಂಗಸರು ತಿಮ್ಮಕ್ಕನ ಬಳೆ ತೆಗೆಸಲು ಬಂದು ಕೂತರು. ತಿಮ್ಮಕ್ಕ ಕೈ ಕೊಡಲಿಲ್ಲ. "ಜೀವ ಅದೆ ಅಂದ್ರಲ್ಲ ಸಾಬ್ರು" ಎಂದು ಮತ್ತೆ ನಾರು ಹೊಸೆಯತೊಡಗಿದಳು. ಅಳುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಮನಸ್ಸಿಗೆ ಏನಾದರೂ ಆಗಬೇಕಿತ್ತು ಎಂದು ಮಾತ್ರ ಅವಳಿಗೆ ಅನಿಸಿತು.

ಮುಂದಿನ ದೋಣಿಗೆ ಬೀರಪ್ಪ ಬಂದುಬಿಡುತ್ತಾನೆ ಎಂದಿದ್ದರು ಸಾಹೇಬರು. ಮಳೆಗಾಲ ಕಳೆಯಿತು, ಸುಗ್ಗಿ ಕಳೆಯಿತು, ಅವನು ಬರಲಿಲ್ಲ. ಒಂದು ಬೆಳಿಗ್ಗೆ ತಿಮ್ಮಕ್ಕ ಅಣ್ಣ ಕುಪ್ಪನನ್ನು ಕೇಳಿದಳು. ಕುಪ್ಪ ಹೊಳೆಯಲ್ಲಿ ದೋಣಿ ದಾಟಿಸುವವನು.

"ಅಣ್ಣಾ, ಅಲ್ಲಿಗೆ ಹೋಗೂದು ಹ್ಯಾಂಗೆ?"

"ಎಲ್ಲಿಗೆ?"

"ಅವ್ರು ಇದ್ದಲ್ಲಿಗೆ."

ಕುಪ್ಪ ನಕ್ಕ. ತಂಗಿಯ ಮುಖ ನೋಡಿ ನಗು ನಿಲ್ಲಿಸಿದ. ಮರುದಿನ ಅವನೇ ಅವಳನ್ನು ಭಟ್ಕಳದ ಬಸ್ಸು ಹತ್ತಿಸಿದ.

ಸಾಹೇಬರು ಹಡಗು ಬಿಟ್ಟು ಭಟ್ಕಳದ ಪೇಟೆಯಲ್ಲಿ ಚಹಾದಂಗಡಿ ಹಾಕಿದ್ದರು. ಗೆಳೆಯನನ್ನು ಬಿಟ್ಟು ಬಂದ ಸಂಕಟ ಅವರಿಗಿತ್ತು. ಅದನ್ನು ಬಾಯಿಬಿಟ್ಟು ಆಡಿದವರಲ್ಲ. ತಿಮ್ಮಕ್ಕ ಬಂದಾಗಲೆಲ್ಲ ಗಿರಾಕಿಗಳನ್ನು ಮಗನಿಗೆ ಒಪ್ಪಿಸಿ ಒಳಗೆ ಕೂರಿಸಿಕೊಂಡು ದಾರಿ ಹೇಳುತ್ತಿದ್ದರು. ಕುಮಟೆಗೆ ಹೋಗಿ ಹುಬ್ಬಳ್ಳಿ ಬಸ್ಸು. ಹುಬ್ಬಳ್ಳಿಯಿಂದ ರೈಲಿನಲ್ಲಿ ಮದರಾಸು. ಮದರಾಸಿನಿಂದ ಸಿಂಗಾಪುರದ ಹಡಗು. ಅಲ್ಲಿ ಇಳಿದು ಸುರಬಾಯಾ ಎಂಬ ಬಂದರಿಗೆ ಇನ್ನೊಂದು. ಸುರಬಾಯಾದಿಂದ ಕೂಪಾಂಗ್. ಕೂಪಾಂಗಿನಿಂದ ಮುಂದಕ್ಕೆ ಹೇಳಿದ ದಿನ ಹೊರಡುವ ದೋಣಿ ಯಾವುದೂ ಇಲ್ಲ, ಯಾರಾದರೂ ಹೋಗುವವರಿದ್ದರೆ ಕಾದು ಹೋಗಬೇಕು.

"ಯಾವ ತಿಂಗ್ಳಲ್ಲಿ ಕಡ್ಲು ತಡೀತದೆ?"

"ಅಲ್ಲಿ ಉಲ್ಟಾ. ನಮಗೆ ಚಳಿ ಇರೋವಾಗ ಅಲ್ಲಿ ಗಾಳಿ. ಆಗ ಆ ದಡಕ್ಕೆ ದೋಣಿ ಹತ್ತೋದಿಲ್ಲ. ನಮ್ಮ ಮಳೆಗಾಲದಲ್ಲಿ ಅವರಿಗೆ ಕಡಲು ಸೌಮ್ಯ."

ಓದು ಬಾರದ ತಿಮ್ಮಕ್ಕ ದಾರಿಯನ್ನು ಬಾಯಿಪಾಠ ಮಾಡಿಕೊಂಡಳು. ನಾರು ಹೊಸೆಯುವಾಗ, ಅತ್ತೆಗೆ ಗಂಜಿ ಬಡಿಸುವಾಗ, ಬಾವಿಯಿಂದ ಹಗ್ಗ ಎಳೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನೆರೆಯವರು ದೇವರ ಹೆಸರು ಹೇಳುತ್ತಾಳೆ ಎಂದುಕೊಂಡರು. ಗಂಡನ ಮುಖ ಬರಬರುತ್ತ ಮಸುಕಾಯಿತು. ದಾರಿ ಮಾತ್ರ ಸ್ಪಷ್ಟವಾಗುತ್ತ ಹೋಯಿತು. ಹೋಗಿ ಮುಟ್ಟಿದ ಮೇಲೆ ಏನು ಮಾತಾಡುವುದು ಎಂದು ಅವಳು ಒಮ್ಮೆಯೂ ಯೋಚಿಸಲಿಲ್ಲ.

ಕಚೇರಿಗಳಿಗೆ ಅಲೆದು ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ಅರವತ್ತಮೂರನೇ ಇಸವಿ ಬಂದಿತ್ತು. ಕುಪ್ಪ ಜೊತೆಗೆ ಬರುವುದೆಂದಾಗಿ, ಅವನ ದೋಣಿಗೆ ಬದಲಿ ಆಳೂ ಗೊತ್ತಾಗಿತ್ತು. ಆಗ ಸಾಹೇಬರು ತಾವೇ ಬಸ್ಸು ಹಿಡಿದು ಬಂದರು.

"ದಾರಿ ಕಟ್ ಆತು, ತಂಗಿ. ಆ ದೇಶಕ್ಕೂ ಮಲಾಯಾದವರಿಗೂ ಜಗಳ ಹತ್ತಿದೆ. ಸಿಂಗಾಪುರದಿಂದ ಅತ್ತ ಹಡಗು ಬಿಡೋದಿಲ್ಲ."

"ಬೇರೆ ದಾರಿ?"

"ನೋಡ್ತೇನೆ."

"ಆತು" ಎಂದಳು ತಿಮ್ಮಕ್ಕ. ಅವರು ಊಟ ಬೇಡವೆಂದರೂ ಎಳನೀರು ಕೆತ್ತಿಸಿ ಕೊಟ್ಟಳು. ಆ ದಿನವೂ ಅವಳು ಅಳಲಿಲ್ಲ ಎಂದು ಕುಪ್ಪನ ಹೆಂಡತಿ ಕೇರಿಯಲ್ಲಿ ಹೇಳಿಕೊಂಡು ತಿರುಗಿದಳು.

ಕೊಲಂಬೊ ಮೇಲಿಂದ ಒಂದು ದಾರಿ ಯೋಚಿಸಿದರು, ಕಲ್ಕತ್ತೆಯಿಂದ ಒಂದು; ಯಾವುದೂ ಕೂಡಿಬರಲಿಲ್ಲ. ಅರವತ್ತೈದರಲ್ಲಿ ನಮ್ಮ ದೇಶಕ್ಕೂ ಯುದ್ಧ ಬಂತು. ಇಂಡೋನೇಶ್ಯಾ ಪಾಕಿಸ್ತಾನದ ಕಡೆ ನಿಂತಿದೆ ಎಂದು ಪತ್ರಿಕೆಯಲ್ಲಿ ಬಂತು. ಸಾಹೇಬರು ಅದನ್ನು ಓದಿ ಹೇಳಿ, ಪತ್ರಿಕೆ ಮಡಚಿಟ್ಟರು. ಆ ವರ್ಷವೇ ಸುಬ್ಬಿ ತೀರಿಕೊಂಡಳು. ಮಗ ಸತ್ತನೆಂದೇ ನಂಬಿ ಹೋದಳು.

ಅರವತ್ತೇಳರ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕುಪ್ಪನ ದೋಣಿ ಹೊನ್ನಾವರದ ದಡದಿಂದ ಬಂತು. ಜನರೆಲ್ಲ ಇಳಿದರು. ಕುಪ್ಪ ಹುಟ್ಟನ್ನು ಕೈಯಲ್ಲೇ ಹಿಡಿದು, ಕುಂಟುತ್ತಿದ್ದ ಒಬ್ಬ ಬೋಳುತಲೆಯವನನ್ನು ತಂಗಿಯ ಅಂಗಳದವರೆಗೆ ನಡೆಸಿಕೊಂಡು ಬಂದ.

"ತಿಮ್ಮಕ್ಕಾ, ಬೀರಪ್ಪ" ಎಂದಷ್ಟೇ ಅಂದ.

ತಿಮ್ಮಕ್ಕ ಎದ್ದು ನಿಂತಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಕಾಲು ತೊಳೆಯಲು ನೀರು ತಂದಿಟ್ಟಳು. ಅವನು ಜಗಲಿಯಲ್ಲಿ ಕೂತ ಮೇಲೆ ಕೇಳಿದಳು:

"ಕೂಪಾಂಗಿಗೆ ಯಾವ ದೋಣೀಲಿ ಬಂದ್ರಿ?"

ಬೀರಪ್ಪ ಅವಳನ್ನೇ ನೋಡಿದ. ಆ ಹೆಸರು ಕಾಸರಕೋಡಿನಲ್ಲಿ ಕೇಳುತ್ತೇನೆಂದು ಅವನು ಎಣಿಸಿರಲಿಲ್ಲ. "ಹಾಯಿದೋಣಿ" ಎಂದ. "ತಾಳೆಬೆಲ್ಲದ ಪಾಕ ತಕಂಡು ಹೋಗ್ತಿತ್ತು."

"ಅಲ್ಲಿಂದ?"

"ದನ ಸಾಗ್ಸೂ ಹಡಗು. ಸುರಬಾಯಾಕ್ಕೆ. ಅಲ್ಲಿ ನಮ್ಮ ದೇಶದ್ದೊಂದು ಹಡಗು ಸಿಕ್ತು. ಕಪ್ತಾನ ಮದರಾಸಿಗೆ ತಂದು ಬಿಟ್ಟ."

"ಸಿಂಗಾಪುರಕ್ಕೆ ಹೋಗ್ಲೇ ಇಲ್ವ?"

"ಇಲ್ಲ."

ತಿಮ್ಮಕ್ಕ ತಲೆಯಾಡಿಸಿ ಒಳಗೆ ಹೋಗಿ ಅನ್ನಕ್ಕಿಟ್ಟಳು. ಬಾಗಿಲಲ್ಲಿ ಜನ ಸೇರಿದ್ದರು.

ಜನ ಚದುರಿ, ಊಟವಾಗಿ, ಅಂಗಳದಲ್ಲಿ ಇಬ್ಬರೇ ಉಳಿದಾಗ ಬೀರಪ್ಪ ತಾನಾಗಿಯೇ ಹೇಳಿದ. ಕಾಲು ಕೂಡಿಕೊಳ್ಳಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ನೋಡಿಕೊಂಡವರ ಮನೆಯ ಮಗಳೊಂದಿಗೆ ಬಾಳುವೆಯಾಯಿತು. ಹೋದ ವರ್ಷ ಅವಳು ಜ್ವರದಲ್ಲಿ ಸತ್ತಳು. ಒಂದು ಹೆಣ್ಣು ಮಗು ಇದೆ, ಅಜ್ಜಿಯ ಹತ್ತಿರ.

ತಿಮ್ಮಕ್ಕ ಎದ್ದು ಹೋಗಿ ಒಲೆಯ ಬೆಂಕಿ ನಂದಿಸಿ ಬಂದಳು. ಆಮೇಲೆ ಕೇಳಿದಳು: "ಹೆಸರು ಎಂತ?"

"ಲೆನಾ."

"ಕರ್ಕಂಡು ಬರೂಕೆ ಆಗ್ಲಿಲ್ವ?"

"ಅಜ್ಜಿ ಬಿಡ್ಲಿಲ್ಲ. ಮಗೂಗೂ ಬರೂ ಮನಸಿಲ್ಲ."

"ಈಗ ಅಲ್ಲಿ ಗಾಳಿ ಶುರುವಾಗೂ ಹೊತ್ತು" ಎಂದಳು ತಿಮ್ಮಕ್ಕ. "ಸುಗ್ಗಿ ಕಳೀಲಿ. ಆಮೇಲೆ ಆ ದಡಕ್ಕೆ ದೋಣಿ ಹತ್ತತದೆ."

ಬೀರಪ್ಪ ಮುಖ ಮುಚ್ಚಿಕೊಂಡು ಅತ್ತ. "ಬ್ಯಾಡ. ಅದು ಅಲ್ಲೇ ಇರ್ಲಿ. ಅದ್ಕೆ ಅದೇ ಊರು."

"ಆತು" ಎಂದಳು.

ಸಾಹೇಬರು ಬಂದು ಗೆಳೆಯನನ್ನು ಅಪ್ಪಿಕೊಂಡರು. ಇಬ್ಬರೂ ಅರ್ಧ ದಿನ ಜಗಲಿಯಲ್ಲಿ ಕೂತರು. ಬೀರಪ್ಪ ಕುಪ್ಪನ ಜೊತೆ ದೋಣಿಯ ಕೆಲಸಕ್ಕೆ ನಿಂತ. ಗಂಡಹೆಂಡಿರಲ್ಲಿ ಜಗಳವಾದದ್ದನ್ನು ಯಾರೂ ಕೇಳಲಿಲ್ಲ, ನಗೆಯನ್ನೂ ಕೇಳಲಿಲ್ಲ. ಪಾಸ್‌ಪೋರ್ಟಿನ ಅವಧಿ ಮುಗಿದದ್ದು ತಿಮ್ಮಕ್ಕನ ಗಮನಕ್ಕೂ ಬರಲಿಲ್ಲ.

ಮರುವರ್ಷ ಹಗ್ಗದ ಕಟ್ಟು ಮಾರಲು ಇಬ್ಬರೂ ಕುಮಟೆಗೆ ಹೋಗಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಹೊಳನಗದ್ದೆಯ ಹೆಂಗಸೊಬ್ಬಳು ಎಲೆಯಡಿಕೆ ಕೊಟ್ಟು ಮಾತಿಗೆಳೆದಳು.

"ಮಕ್ಳು ಎಷ್ಟು, ಅಕ್ಕಾ?"

ಹಿಂದಿನ ಸೀಟಿನಲ್ಲಿದ್ದ ಬೀರಪ್ಪ ಕಿಟಕಿಯ ಕಡೆ ತಿರುಗಿದ.

"ಒಬ್ಳು ಮಗ್ಳು" ಎಂದಳು ತಿಮ್ಮಕ್ಕ, ಎಲೆಗೆ ಸುಣ್ಣ ಹಚ್ಚುತ್ತ. "ಅಜ್ಜಿ ಮನೇಲಿ ಇದ್ದಾಳೆ. ಸ್ವಲ್ಪ ದೂರ."