ಒಂಬತ್ತು ಮರ, ಒಂದು ಚೀಲ ತಟ್ಟೆ

ಮೊಮ್ಮಗಳು ಲೂಸಿ ಈ ಆಟಕ್ಕೆ ಬಂದದ್ದು ಆಸೆಯಿಂದಲ್ಲ. ನಾನು ಅವಳನ್ನು ನಂಬಲಿಲ್ಲ, ಅದಕ್ಕೆ ಬಂದಳು. ಮಿಕ್ಕದ್ದೆಲ್ಲ ಬಣ್ಣ ಹಚ್ಚಿದ ಮಾತು.

ನಿನ್ನೆ ಅವಳು ಆಟದ ತಟ್ಟೆಗಳನ್ನು ತೊಳೆದು ನಮ್ಮ ಮನೆಯ ಕಟ್ಟೆಯ ಮೇಲೆ ಹಪ್ಪಳದ ಹಾಗೆ ಹರವಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಹುಬ್ಬಳ್ಳಿ ಕಡೆಯ ನಾಲ್ಕು ಜನ ಅದನ್ನು ಕಂಡು ಅಂಗಳಕ್ಕೆ ಬಂದರು. ಒಬ್ಬ ಫೋನು ಎತ್ತಿ ಹಿಡಿದು, "ಈ ಡಿಸ್ಕ್ ಗಾಲ್ಫಿಗೆ ನೀವು ಹೆಂಗ ಬಂದ್ರಿ?" ಎಂದು ಕೇಳಿದ.

"ಸಣ್ಣಾಕಿ ಇದ್ದಾಗಿಂದ ಒಗಿಯೂದಂದ್ರ ನನಗ ಭಾಳ ಇಷ್ಟ ರೀ," ಎಂದಳು ಲೂಸಿ, ನಗುತ್ತ.

ಜೊತೆಯವನು ತಲೆಯಾಡಿಸಿ, "ಸಿದ್ದಿ ಮಂದಿಗೆ ಆಟ ಅನ್ನೂದು ರಕ್ತದಾಗ ಬಂದಿರ್ತೈತಿ," ಎಂದ. ನಾನು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ನಮ್ಮ ರಕ್ತದಲ್ಲಿ ಬಂದದ್ದು ಸಕ್ಕರೆ ಕಾಯಿಲೆ ಒಂದೇ ಎಂದು ಹೇಳಬೇಕೆನಿಸಿತು. ಲೂಸಿ ನನ್ನ ಕಡೆ ಒಮ್ಮೆ ನೋಡಿದಳು, ಇನ್ನೊಂದು ಬೆಳ್ಳುಳ್ಳಿ ಎತ್ತಿಕೊಂಡೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಆಟದ ಮಾತು. ಒಂದು ಕಂಬ, ಅದರ ನಡುವಿಗೆ ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಲೂ ಜೋತುಬಿದ್ದ ಸರಪಳಿಗಳು. ದೂರ ನಿಂತು ತಟ್ಟೆ ಒಗೆಯಬೇಕು. ಬಿದ್ದಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ಒಗೆಯಬೇಕು. ಸರಪಳಿಗೆ ಬಡಿದು ಬುಟ್ಟಿಯಲ್ಲಿ ಕೂತರೆ ಒಂದು ಮುಗಿಯಿತು. ಮುಂದಿನ ಕಂಬಕ್ಕೆ ನಡೆಯಬೇಕು. ಕಡಿಮೆ ಸಲ ಒಗೆದು ಎಲ್ಲ ಕಂಬ ಮುಗಿಸಿದವನು ಗೆದ್ದ. ಇಷ್ಟೇ. ಇದಕ್ಕಾಗಿ ಜನ ಗಾಡಿ ಮಾಡಿಕೊಂಡು ಬರುತ್ತಾರೆ ಎಂದು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಕುಡಿದಿದ್ದೀಯಾ ಎಂದು ಕೇಳುತ್ತಿದ್ದೆ.

ನಮ್ಮೂರು ಸಾಂಬ್ರಾಣಿಯ ಆಚೆ, ಕುಳಗಿ ಕಡೆಗೆ ಮುಖ ಮಾಡಿ ಕೂತ ಹತ್ತಿಪ್ಪತ್ತು ಮನೆ. ಲೂಸಿ ನನ್ನ ಮಗಳ ಮಗಳು. ತಾಯಿ ಸತ್ತ ಮೇಲೆ ನನ್ನ ಮಗ್ಗುಲಲ್ಲೇ ಬೆಳೆದಳು. ಊರಿನ ಪಕ್ಕ ಹಳಿಯಾಳದ ಸಾವ್ಕಾರನೊಬ್ಬ ಕಾಗದಪತ್ರ ಇದ್ದ ತನ್ನ ಮಾಲ್ಕಿ ಜಮೀನಿನಲ್ಲಿ ಪ್ರವಾಸಿಗಳಿಗೆಂದು ಹೋಮ್‌ಸ್ಟೇ ಕಟ್ಟಿಸಿದ. ಲೂಸಿ ಅಲ್ಲಿ ಅಡಿಗೆಮನೆಗೆ ಸೇರಿದಳು. ನಮ್ಮ ಹುಡುಗಿಯರಿಗೆ ಕೆಲಸವೆಂದರೆ ಊರು ಬಿಟ್ಟು ಗೋವಾದ ಯಾವುದೋ ಮನೆಯಲ್ಲಿ ಪಾತ್ರೆ ತಿಕ್ಕುವುದು. ಇದು ನಡೆದು ಹೋಗಿ ನಡೆದು ಬರುವ ಕೆಲಸ. ಇದು ತಪ್ಪಿದರೆ ಅವಳೂ ಗೋವಾದ ಬಸ್ಸು ಹತ್ತಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೆಲಸಕ್ಕೆ ಸೇರಿದ ದಿನ ನಾನೇ ಅವಳಿಗೆ, ಉಂಡ ಮನೆಯ ಜಂತೆ ಎಣಿಸಬಾರದು, ಅಲ್ಲಿಯ ಮಾತು ಇಲ್ಲಿಗೆ ತರಬೇಡ ಎಂದಿದ್ದೆ. ಹುಡುಗಿ ಹಾಗೇ ಇದ್ದಳು. ಅಲ್ಲಿ ಯಾರು ಬಂದರು, ಏನು ಉಂಡರು, ಒಂದೂ ಹೇಳುತ್ತಿರಲಿಲ್ಲ. ನಾನು ಕಲಿಸಿದ ಬುದ್ಧಿಯೇ ಆಮೇಲೆ ನನ್ನ ಕಣ್ಣಿಗೆ ಕಳ್ಳತನದ ಹಾಗೆ ಕಂಡಿತು.

ಎರಡು ವರ್ಷದ ಹಿಂದೆ, ಬತ್ತ ಕೊಯ್ದು ಮುಗಿಸಿದ ಮೇಲೆ, ಒಂದು ಸಂಜೆ ಕಟ್ಟಿಗೆ ಹೊತ್ತು ಬರುತ್ತಿದ್ದೆ. ಸಾವ್ಕಾರನ ಜಮೀನು ಮುಗಿಯುವಲ್ಲಿ ನನ್ನ ಹೊಲ ಶುರು. ಎರಡರ ನಡುವಿನ ಗಿಡಗಂಟಿಯಲ್ಲಿ ನಮ್ಮ ಕಾಲುದಾರಿ. ಅಲ್ಲಿ ಒಂದು ಮತ್ತಿ ಮರದ ಮೇಲೆ ಹಳದಿ ಬಣ್ಣದಲ್ಲಿ ನಾಲ್ಕು ಎಂದು ಬರೆದಿತ್ತು.

ಕಟ್ಟಿಗೆ ಇಳಿಸಿದೆ. ಸ್ವಲ್ಪ ಮುಂದೆ ಸಾಗವಾನಿಯ ಮೇಲೆ ಐದು. ನಡುವೆ ಕೆಂಪು ರಿಬ್ಬನ್ನು.

ನಾನು ಮದುವೆಯಾಗಿ ಬಂದ ಎರಡನೇ ವರ್ಷ ಹೀಗೇ ಆಗಿತ್ತು. ಹಳ್ಳದ ಆಚೆ ನನ್ನ ಮಾವ ಬತ್ತ ಹಾಕುತ್ತಿದ್ದ. ಅರಣ್ಯ ಇಲಾಖೆಯ ಮೂರು ಜನ ಟೇಪು ಹಿಡಿದು ಬಂದರು, ಬದುವಿನ ಮರಗಳಿಗೆ ಅಂಕಿ ಬರೆದರು, ನಮ್ಮ ಕೊಡದ ನೀರು ಕುಡಿದರು, ನಗುನಗುತ್ತ ಮಾತಾಡಿದರು. ಮಾವ ಅವರಿಗೆ ಸೌತೆಕಾಯಿ ಕೊಯ್ದು ಕೊಟ್ಟ. ಮುಂದಿನ ವಾರ ಬಂದು, ಇದು ಕಾಡಿನ ಜಾಗ ಎಂದು ಕಂದಕ ತೋಡಿದರು. ತೆನೆ ಬಿಟ್ಟ ಬತ್ತ ಅದರ ಆಚೆ ಉಳಿಯಿತು, ಕೊಯ್ಯಲು ಬಿಡಲಿಲ್ಲ. ಬತ್ತ ಹೋದದ್ದನ್ನು ಮಾವ ಮರೆತ. ಸೌತೆಕಾಯಿ ಕೊಟ್ಟದ್ದನ್ನು ಸಾಯುವತನಕ ಹೇಳಿಕೊಂಡ.

ಈಗ ಉಳಿದ ನನ್ನ ಹೊಲಕ್ಕೂ ಕಾಗದವಿಲ್ಲ. ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟಿದ್ದೇವೆ, ಅಷ್ಟೇ. ಅಂಕಿ ಕಂಡ ಕೂಡಲೇ ಇದೂ ಅದೇ ಅಳತೆ ಎಂದುಕೊಂಡೆ. ಯಾರನ್ನೂ ಕೂಗಲಿಲ್ಲ. ಸೊಂಟದಲ್ಲಿದ್ದ ಕಟ್ಟಿಗೆ ಕಡಿಯುವ ಕೊಯ್ತ ತೆಗೆದು ನಾಲ್ಕನ್ನು ಕೆರೆದೆ, ಐದನ್ನು ಕೆರೆದೆ. ಹುಡುಕಿಕೊಂಡು ಹೋಗಿ ಒಂಬತ್ತೂ ಮರದ ಸಿಪ್ಪೆ ಹೆರೆದು, ರಿಬ್ಬನ್ನು ಕತ್ತರಿಸಿ ಹಳ್ಳಕ್ಕೆ ಹಾಕಿದೆ. ಕೊನೆಯ ಮರದ ಕೊಂಬೆಗೆ ಒಂದು ಚೀಲ ತೂಗುಬಿಟ್ಟಿದ್ದರು. ಒಳಗೆ ಬಣ್ಣಬಣ್ಣದ ತಟ್ಟೆಗಳು. ಗಡಿ ಮರಗಳಿಗೆ ತಗಡಿನ ಬಿಲ್ಲೆ ಹೊಡೆಯುವುದನ್ನು ಕಂಡವಳು ನಾನು. ಈಗ ತಗಡು ಬಿಟ್ಟು ಪ್ಲಾಸ್ಟಿಕ್ಕು ತಂದಿದ್ದಾರೆ, ನಾಳೆ ಮೊಳೆ ಹೊಡೆಯುತ್ತಾರೆ ಎಂದುಕೊಂಡೆ. ಚೀಲವನ್ನು ಕಟ್ಟಿಗೆಯ ಹೊರೆಯಲ್ಲಿ ಸೇರಿಸಿ ಮನೆಗೆ ತಂದು ಹುಲ್ಲಿನ ಬಣವೆಯಲ್ಲಿ ತುರುಕಿದೆ. ಒಂದು ತಟ್ಟೆ ಹೊರಗೆ ಬಿದ್ದಿತ್ತು. ಚೆನ್ನಾಗಿತ್ತು, ಅಂಚು ಎತ್ತರ. ಅದರಲ್ಲಿ ಕೋಳಿಗಳಿಗೆ ನುಚ್ಚು ಹಾಕಿದೆ. ಇಷ್ಟು ದೊಡ್ಡ ಹೆದರಿಕೆಯಲ್ಲೂ ಪುಕ್ಕಟೆ ತಟ್ಟೆ ಬಿಡಲು ಮನಸ್ಸಾಗಲಿಲ್ಲ ನೋಡಿ.

ಲೂಸಿ ಮನೆಗೆ ಬಂದಾಗ ಕತ್ತಲಾಗಿತ್ತು. ಸುತ್ತುಬಳಸಿ ಕೇಳಿದೆ.

"ಅಲ್ಲಿ ಯಾರರ ಹೊಸಬರು ಬಂದಾರೇನ?"

"ಧಾರವಾಡದಿಂದ ವಿದ್ಯಾ ಅಂತ ಒಬ್ಬಾಕಿ ಬಂದಾಳ. ಗಿಡದಾಗ ಅಳತಿ ಮಾಡ್ಕೋತ ಅಡ್ಡಾಡ್ತಾಳ."

"ಯಾತರ ಅಳತಿ?"

"ಏನೋ ಐತಿ ಬಿಡ ಆಯಿ. ಭಾಳ ದಣದೇನಿ," ಎಂದು ಉಂಡು ಮಲಗಿದಳು.

ಅಷ್ಟು ಸಾಕಾಯಿತು ನನಗೆ. ಇವಳಿಗೂ ಗೊತ್ತು, ಸಾವ್ಕಾರನ ಅನ್ನ ತಿಂದು ಬಾಯಿ ಮುಚ್ಚಿದ್ದಾಳೆ ಎಂದು ತೀರ್ಮಾನ ಮಾಡಿದೆ. ಎಬ್ಬಿಸಿ ಇನ್ನೊಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಅವಳು ಮಧ್ಯಾಹ್ನಕ್ಕೇ ತಿರುಗಿ ಬಂದಳು. ಏಪ್ರನ್ನು ಕೈಯಲ್ಲಿತ್ತು. ನೀರು ಕುಡಿದಳು, ಕೂತಳು.

"ಕೆಲಸಾ ಹೋತು."

"ಯಾಕ?"

"ಗಿಡದ ಮ್ಯಾಲಿನ ನಂಬರ ಕೆರದ್ನಿ, ಚೀಲ ಕದ್ನಿ ಅಂತ ಒಪ್ಪಿಕೊಂಡೆ. ಊರವರು ಯಾರು ಮಾಡ್ಯಾರಂತ ಹೇಳಿದ್ರ ಸರಿ, ಇಲ್ಲಾಂದ್ರ ಪೊಲೀಸರಿಗೆ ಹೇಳ್ತೇನಿ ಅಂದ್ರು ಸಾವ್ಕಾರ್ರು. ಐತವಾರ ಮಂದಿ ಬರೂದೈತಿ ಆಟಕ್ಕ."

"ಯಾತರ ಆಟ?"

ಅವಳು ಕೋಳಿಗಳ ಕಡೆ ಕೈ ತೋರಿಸಿದಳು. "ಆ ತಟ್ಟಿ ಒಗಿಯೂ ಆಟ. ಕಂಬ ಎಲ್ಲೆಲ್ಲಿ ನಿಲ್ಲಸಬೇಕಂತ ಗಿಡಕ್ಕ ನಂಬರ ಬರದಿದ್ರು. ಮುಂಜಾನೆ ಕೋಳಿ ಬಿಡಾಕ ಹೋದಾಗ ನೋಡಿದೆ. ನಿನ್ನ ಕೊಯ್ತಾನೂ ನೋಡಿದೆ, ಹಳದಿ ಐತಿ."

"ನೀ ಯಾಕ ಸುಳ್ಳ ಹೇಳಿದಿ?"

"ನಿನ್ನ ಹೆಸರ ಹೇಳಬೇಕಿತ್ತೇನ ಮತ್ತ?"

ಅವಳು ಅಳಲಿಲ್ಲ. ಅತ್ತಿದ್ದರೆ ಒಂದು ಏಟು ಕೊಟ್ಟು ನಾನೂ ಅಳುತ್ತಿದ್ದೆ. ಬಣವೆಯಿಂದ ಚೀಲ ಎಳೆದೆ, ಕೋಳಿಗಳ ತಟ್ಟೆಯನ್ನೂ ಅದರಲ್ಲಿ ಹಾಕಿದೆ, ತಲೆಯ ಮೇಲೆ ಇಟ್ಟುಕೊಂಡು ಹೊರಟೆ. ಲೂಸಿ "ಬ್ಯಾಡ ಆಯಿ, ಪೊಲೀಸರು ನಿನ್ನ ಒಯ್ತಾರ" ಎನ್ನುತ್ತ ಹಿಂದೆ ಬಂದಳು.

ಸಾವ್ಕಾರ ಮರಗಳ ನಡುವೆ ಆ ಧಾರವಾಡದ ವಿದ್ಯಾಳ ಜೊತೆ ನಿಂತಿದ್ದ. ಅವಳಿಗೆ ಮೂವತ್ತು ಇರಬಹುದು, ಕೈಯಲ್ಲಿ ಒಂದು ವಹಿ. ಆಚೆ ದೂರದಲ್ಲಿ ಸರಪಳಿಯ ಬುಟ್ಟಿ ಇದ್ದ ಕಂಬವೊಂದನ್ನು ಪರೀಕ್ಷೆಗೆಂದು ನಿಲ್ಲಿಸಿದ್ದರು. ನಾನು ಚೀಲವನ್ನು ಅವರ ಮುಂದೆ ಸುರಿದೆ. ಕೋಳಿಯ ಹಿಕ್ಕೆ ಹತ್ತಿದ ತಟ್ಟೆಯೇ ಮೇಲೆ ಬಿತ್ತು.

"ನಾ ಮಾಡೇನಿ. ಹುಡುಗಿ ಅಲ್ಲ."

ಸಾವ್ಕಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಜ್ಜಿ, ಮೊಮ್ಮಗಳನ್ನ ಉಳಸಾಕ ಬಂದಿ. ಆಕಿ ತಾನ ಒಪ್ಪಿಕೊಂಡಾಳ. ಇಬ್ಬರಾಗ ಸುಳ್ಳ ಯಾರದಂತ ನಾ ಹೆಂಗ ತಿಳೀಲಿ?"

"ಕೆರದಾಕಿಗೆ ಗೊತ್ತಿರ್ತೈತಿ, ಯಾವ ಗಿಡದ ಮ್ಯಾಲ ಎಷ್ಟ ಇತ್ತಂತ. ಆಕಿನ್ನ ಕೇಳ್ರಿ, ಆಮ್ಯಾಲ ನನ್ನ ಕೇಳ್ರಿ."

ವಿದ್ಯಾ ವಹಿ ತೆರೆದಳು. ಅದರಲ್ಲಿ ಎಲ್ಲ ಬರೆದುಕೊಂಡಿದ್ದಳು. ಮತ್ತಿ ಮರದ ಎದುರು ಲೂಸಿಯನ್ನು ಕೇಳಿದರು. ಮೂರು ಎಂದಳು. ನಾನು ನಾಲ್ಕು ಎಂದೆ. ಸಾಗವಾನಿ, ಐದು. ಹೊನ್ನೆ, ಎಂಟು. ನಾನು ಓದಿದ್ದು ಎರಡನೇ ಇಯತ್ತೆ. ಅಂಕಿಯ ಮಟ್ಟಿಗೆ ಅದು ಸಾಕು. ಆದರೆ ಒಂದು ತಪ್ಪಿದರೂ ಹುಡುಗಿ ಕಳ್ಳಿಯಾಗಿಯೇ ಉಳಿಯುತ್ತಿದ್ದಳು. ನಂದಿ ಮರದ ಎದುರು ನಿಂತಾಗ ಒಂಬತ್ತು ಎಂದೆ.

"ಸರಿಯಾಗಿ ನೋಡ ಅಜ್ಜಿ. ಆರ ಅಲ್ಲೇನ?" ಎಂದ ಸಾವ್ಕಾರ.

ಒಂದು ಗಳಿಗೆ ಕಣ್ಣಿಗೆ ಎರಡೂ ಕಂಡವು. ಕೈಯನ್ನು ಮರದ ಗಾಯದ ಮೇಲೆ ಇಟ್ಟೆ. ಕೈಗೆ ನೆನಪಿತ್ತು.

"ಅಲ್ಲ. ಬಾಲ ಕೆಳಗಿತ್ತು. ಮೊದಲ ಬಾಲಾನ ಕೆರದೇನಿ."

ವಿದ್ಯಾ ವಹಿ ಮುಚ್ಚಿದಳು. "ಅಜ್ಜೀನ ರೀ ಸರ್."

"ಅಲ್ಲ, ಯಾಕ ಕೆರದಿ?" ಎಂದ ಸಾವ್ಕಾರ. ಈಗ ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಮಾವನ ಬತ್ತದ ಕತೆ ಹೇಳಿದೆ. ಅವನು ನೆಲ ನೋಡುತ್ತ ಕೇಳಿದ. ಆಮೇಲೆ, "ನಿಮ್ಮ ಮೊಮ್ಮಗಳು ದಿನಾ ಇಲ್ಲೇ ಇರ್ತಾಳ. ಆಕಿನ್ನರ ಒಂದ ಮಾತ ಕೇಳಬಾರದಿತ್ತಾ?" ಎಂದ. ನೀನು ಹೋಗಿ ನೀವು ಬಂದಿತ್ತು.

ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. "ಆಕೀನೂ ನಿಮ್ಮ ಕೂಡ ಸೇರಿ ಮುಚ್ಚಿಟ್ಟಾಳ ಅಂತ ತಿಳದಿದ್ನಿ," ಎಂದೆ.

ಲೂಸಿ ಅಲ್ಲೇ ಕೂತು ತಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಎದ್ದು ನಿಂತಳು. ನನ್ನ ಮುಖ ನೋಡಿದಳು. ಕೈಯಲ್ಲಿದ್ದ ತಟ್ಟೆಯನ್ನು ಬೀಸಿ ಒಗೆದಳು.

ಗೋವಿನಜೋಳದ ಹೊಲಕ್ಕೆ ಮಂಗ ಬಂದಾಗ ನಾವು ಗಿಡ್ಡ ಬಡಿಗೆಯನ್ನು ಸೊಂಟದ ಮಟ್ಟದಿಂದ ಅಡ್ಡಕ್ಕೆ ಬೀಸಿ ಒಗೆಯುತ್ತೇವೆ. ಮೇಲಿಂದ ಒಗೆದರೆ ತೆನೆ ಮುರಿಯುತ್ತದೆ; ಅಡ್ಡ ಬೀಸಿದರೆ ಸಾಲಿನ ನಡುವೆ ಹಾದುಹೋಗುತ್ತದೆ. ಅವಳ ಕೈ ಹಾಗೇ ಹೋಯಿತು. ತಟ್ಟೆ ಎರಡು ಸಾಗವಾನಿಗಳ ನಡುವೆ ನೆಲಕ್ಕೆ ತಾಗದೆ ಸಾಗಿ, ಅಷ್ಟು ದೂರದ ಸರಪಳಿಗೆ ಬಡಿದು ಬುಟ್ಟಿಗೆ ಬಿತ್ತು. ಸದ್ದು ಕೇಳಿ ಅವಳೇ ಬೆಚ್ಚಿದಳು. ಬುಟ್ಟಿಯ ಕಡೆ ಅವಳು ನೋಡಿಯೇ ಇರಲಿಲ್ಲ.

"ಇನ್ನೊಂದ ಒಗಿ," ಎಂದಳು ವಿದ್ಯಾ, ಮೆಲ್ಲಗೆ.

ಲೂಸಿ ಒಗೆದಳು. ಇನ್ನೊಂದು, ಮತ್ತೊಂದು. ಚೀಲ ಖಾಲಿಯಾಗುವತನಕ ಒಗೆದಳು. ಕೆಲವು ಮರಕ್ಕೆ ಬಡಿದವು, ಕೆಲವು ಪೊದೆಗೆ ಹೋದವು, ಕೆಲವು ಸರಪಳಿಗೆ. ಉಳಿದಿಬ್ಬರು ಅದನ್ನು ಆಟವೆಂದು ನೋಡುತ್ತಿದ್ದರು. ನನಗೆ ಗೊತ್ತಿತ್ತು, ನನ್ನ ಮೇಲೆ ಒಗೆಯಲಾರದ್ದನ್ನು ಅವಳು ಅಲ್ಲಿ ಒಗೆಯುತ್ತಿದ್ದಳು.

ಸಾವ್ಕಾರ ಕೊನೆಗೆ, "ನಾಳಿಂದ ಕೆಲಸಕ್ಕ ಬಾ. ಐತವಾರ ಬರೋ ಮಂದಿಗೆ ಇದನ್ನೂ ನೀನ ತೋರಸು," ಎಂದ. ಲೂಸಿ ಪೊದೆಯಿಂದ ತಟ್ಟೆಗಳನ್ನು ಹೆಕ್ಕಿ ತಂದು, ಎಣಿಸಿ, ವಿದ್ಯಾಳಿಗೆ ಕೊಟ್ಟಳು.

ಮನೆಯ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಹಳ್ಳ ದಾಟುವಾಗ ತಿರುಗದೆಯೇ ಹೇಳಿದಳು.

"ಬೈದಿದ್ರ ನಡೀತಿತ್ತ ಆಯಿ. ಬಡದಿದ್ರೂ ನಡೀತಿತ್ತ. ನೀ ಕೇಳಲಿಲ್ಲ."

ಕೆಲಸ ಉಳಿಯಿತು ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಊಟ ಮಾಡಲಿಲ್ಲ. ನಾನು ಬಡಿಸಿದ್ದನ್ನು ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಅವಳು ಚಹಾ ಕುಡಿಯದೆ ಹೊರಟಳು. ನಾನು ಸೆರಗು ಬಿಗಿದು ಹಿಂದೆ ನಡೆದೆ. ಅವಳಿಗೆ ನನ್ನ ಹೆಜ್ಜೆ ಕೇಳಿಸುತ್ತಿತ್ತು, ತಿರುಗಲಿಲ್ಲ. ಮರಗಳ ನಡುವೆ ನಿಂತು ಒಂದು ತಟ್ಟೆ ಕೈಗೆತ್ತಿಕೊಂಡಳು. ನಾನು ಪಕ್ಕಕ್ಕೆ ಹೋಗಿ ನಿಂತು ಕೇಳಿದೆ.

"ಇದನ್ನ ಹೆಂಗ ಹಿಡಿಯೂದು?"

"ನನಗೂ ಗೊತ್ತಿಲ್ಲ. ಇವತ್ತ ಆ ವಿದ್ಯಾ ಅಕ್ಕನ ಕಡೆ ಕಲಿಯಾಕಿ ನಾ." ಆಮೇಲೆ ತಟ್ಟೆಯನ್ನು ನನ್ನ ಕೈಗಿಟ್ಟು, ಹೆಬ್ಬೆರಳನ್ನು ಹಿಡಿದು ಮೇಲಕ್ಕೆ ಸರಿಸಿದಳು.

ಒಗೆದೆ. ಎದುರಿಗೆ ಹೋಗಬೇಕಾದದ್ದು ಬಲಕ್ಕೆ ತಿರುಗಿ ಮುಳ್ಳಿನ ಪೊದೆಗೆ ಹೊಕ್ಕಿತು.

"ಹೋಗಿ ತಗೊಂಬಾ," ಎಂದಳು ಲೂಸಿ.

ಹೋಗಿ ತಂದೆ.