ಹ್ಯೂಸ್ಟನ್‌ಗೆ ಒಯ್ಯಬೇಕಿದ್ದ ಚೀಲ

ಟೆಕ್ಸಸ್‌ನ ಕನ್ನಡಿಗರಲ್ಲಿ ಯಾರಾದರೂ ಇನ್ನೊಂದು ಊರಿಗೆ ಹೊರಟರೆ ಸಾಕು, ಕಾರಿನ ಡಿಕ್ಕಿ ತುಂಬುತ್ತದೆ. ಚಟ್ನಿಪುಡಿ, ಹೋಳಿಗೆ, ಯಾರದೋ ಮಗುವಿನ ಹಳೆಯ ತೊಟ್ಟಿಲು. ಒಳಗೇನಿದೆ ಎಂದು ಕೇಳುವುದು ಮರ್ಯಾದೆಯಲ್ಲ.

ಮೈಸೂರಿನ ಪತ್ರಿಕೆಯೊಂದಕ್ಕೆ ಪಾಲಿಕೆಯ ಸುದ್ದಿ ಬರೆಯುತ್ತಿದ್ದ ನಾನು ಆಗ ಆಸ್ಟಿನ್‌ನಲ್ಲಿ ವಿದ್ಯಾರ್ಥಿನಿ. ರಜೆಗೆಂದು ಡಲ್ಲಾಸ್ ಹತ್ತಿರ ಧಾರವಾಡದ ಅಂಕಲ್ ಒಬ್ಬರ ಮನೆಯಲ್ಲಿದ್ದು, ಅಲ್ಲಿಂದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಗೆಳತಿಯ ಮನೆಗೆ ಹೊರಟಿದ್ದೆ. ಅಂಕಲ್‌ದು ಸಣ್ಣ ಕನ್ಸಲ್ಟಿಂಗ್ ಕಂಪನಿ. ಪಕ್ಕದ ಪುಟ್ಟ ನಗರಾಡಳಿತವೊಂದು ಹೆಂಪ್ ಮಿಠಾಯಿ ಮಾರುವ ಅಂಗಡಿಗಳ ಪರ್ಮಿಟ್ ಅರ್ಜಿ ನೋಡಲು ತನ್ನಲ್ಲಿ ಜನರಿಲ್ಲವೆಂದು ಆ ಕೆಲಸವನ್ನು ಅವರಿಗೆ ವಹಿಸಿತ್ತು. ಹೆಂಪ್ ಎಂದರೆ ಗಾಂಜಾ ಗಿಡದ್ದೇ ಕಡಿಮೆ ಮತ್ತಿನ ತಳಿ. ಮತ್ತಿನ ಅಂಶ ಮಿತಿ ದಾಟಿದರೆ ಕಾನೂನಿನ ಪ್ರಕಾರ ಅದು ಗಾಂಜಾವೇ. ದಾಟಿದೆಯೇ ಎಂದು ಲ್ಯಾಬ್ ಹೇಳಬೇಕು. ಅಂಕಲ್ ಸ್ಯಾಂಪಲ್ ಕಳಿಸುತ್ತಿದ್ದ ಲ್ಯಾಬ್ ಇದ್ದದ್ದು ಹ್ಯೂಸ್ಟನ್‌ನಲ್ಲಿ.

ಇದೆಲ್ಲ ಊಟದ ಹೊತ್ತಿನಲ್ಲಿ ಕೇಳಿದ್ದ ಮಾತು. ಹೊರಡುವಾಗ ಅಂಕಲ್ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಇಟ್ಟು, "ಅಲ್ಲೆ ಒಬ್ರು ಬಂದು ತೊಗೋತಾರವಾ" ಎಂದರು. ಆಂಟಿ ಅದರ ಮೇಲೆಯೇ ನನಗೆಂದು ರೊಟ್ಟಿಯ ಡಬ್ಬಿ ಇಟ್ಟರು.

ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಲು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ರೊಟ್ಟಿ ತೆಗೆದೆ. ಕೆಳಗೆ ಚೀಲದಲ್ಲಿ ಸೀಲ್ ಹಾಕಿದ ಬಣ್ಣಬಣ್ಣದ ಪೊಟ್ಟಣಗಳು, ಅವುಗಳ ಮೇಲೆ ಗಾಂಜಾ ಎಲೆಯ ಚಿತ್ರ. ಫೋನ್ ಮಾಡಿದೆ.

"ಅಂಕಲ್, ಇದು ಪರ್ಮಿಟ್ ಸ್ಯಾಂಪಲ್ಲಾ?"

"ಹೌದವಾ. ನೀ ಹೆಂಗೂ ಹೊಂಟಿದ್ದಿ. ಕೊರಿಯರ್‌ನವ್ರು ಒಲ್ಲೆ ಅಂದ್ರು."

"ಅವರೇ ಒಲ್ಲೆ ಅಂದಿದ್ದನ್ನ ನನ್ನ ಕೈಗೆ ಕೊಟ್ರಾ?"

"ಏ, ಸಿಟಿ ಕೆಲಸ ಐತಿ, ಕಾಂಟ್ರ್ಯಾಕ್ಟ್ ಐತಿ."

"ಕಾಂಟ್ರ್ಯಾಕ್ಟಲ್ಲಿ ನನ್ನ ಹೆಸರಿದೆಯಾ? ನಿಮ್ಮದು ಅಮೆರಿಕನ್ ಪಾಸ್‌ಪೋರ್ಟು. ನಂದು ಸ್ಟೂಡೆಂಟ್ ವೀಸಾ. ಇದ್ರಲ್ಲಿ ಒಂದು ಪೊಟ್ಟಣ ಮಿತಿ ದಾಟಿದ್ರೂ ವೀಸಾ ಹೋಯ್ತು, ನನ್ನ ಓದು ಮುಗೀತು. ಕಸದ ಡಬ್ಬಿಗೆ ಹಾಕ್ಲಾ?"

"ಬ್ಯಾಡ ಬ್ಯಾಡ! ಸೀಲ್ ಮಾಡಿದ್ದದ, ಹೋದ್ರ ನನ್ನ ಕೆಲಸಾನೂ ಹೋಗ್ತದ. ಅಲ್ಲೇ ಇರು, ನಾ ಬರ್ತೀನಿ."

ಕಾರಿನಲ್ಲಿ ಕಾದು ಕುಳಿತೆ. ಪೊಲೀಸ್ ಗಾಡಿಯೊಂದು ಬಂದು ಪಕ್ಕದಲ್ಲೇ ನಿಂತಿತು. ಅಧಿಕಾರಿ ಕಾಫಿ ತರಲು ಒಳಗೆ ಹೋದ. ಅವನ ಗಾಡಿಯ ಹಿಂದಿನ ಸೀಟಿನಲ್ಲಿ ಮಾದಕವಸ್ತು ಮೂಸಿ ಹಿಡಿಯುವ ನಾಯಿ. ಅದರ ಮೂಗು ಅರ್ಧ ತೆರೆದ ಗಾಜಿನ ಅಂಚಿನಲ್ಲಿ, ನನ್ನ ಡಿಕ್ಕಿಯ ಕಡೆಗೆ. ಗಾಂಜಾ ಯಾವುದು, ಹೆಂಪ್ ಯಾವುದು ಎಂದು ನಾಯಿ ಅಳೆಯುವುದಿಲ್ಲ. ಕಾರು ಚಾಲೂ ಮಾಡಿ ಹೊರಟರೆ ಓಡಿಹೋದಂತೆ ಕಾಣುತ್ತದೆ ಎಂದು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ನಾಯಿ ಒಮ್ಮೆ ಬೊಗಳಿತು. ಕಾಫಿ ಹಿಡಿದು ಬಂದ ಅಧಿಕಾರಿ ಅದಕ್ಕೆ ಸುಮ್ಮನಿರಲು ಹೇಳಿ, ನನ್ನ ಗಾಜು ತಟ್ಟಿ, ಕಾರು ಕೆಟ್ಟಿದೆಯೇ ಎಂದು ಕೇಳಿದ.

ಅಂಕಲ್ ಬರುವುದನ್ನು ಕಾಯುತ್ತಿದ್ದೇನೆ ಎಂದೆ. ಧ್ವನಿ ನನ್ನದೆನಿಸಲಿಲ್ಲ. ಅವನು ತಲೆಯಾಡಿಸಿ ಹೊರಟುಹೋದ.

ಅಂಕಲ್ ಬಂದಾಗ ನಾನು ಹಾಗೆಯೇ ಕುಳಿತಿದ್ದೆ. "ಪೇಪರ್‌ನ್ಯಾಗ ಬರಿಯಾಕಿ ನೀ, ಇಷ್ಟ್ಯಾಕ ನಡುಗ್ತಿ?" ಎಂದು ನಕ್ಕರು. ಚೀಲವನ್ನು ತಮ್ಮ ಕಾರಿಗೆ ಹಾಕಿಕೊಂಡು ತಾವೇ ಹ್ಯೂಸ್ಟನ್ ದಾರಿ ಹಿಡಿದರು.

ಕೆಲವು ದಿನಗಳ ನಂತರ ಆಸ್ಟಿನ್‌ಗೆ ಅವರ ಫೋನ್ ಬಂತು. ಈ ಸಲ ನಗುವಿರಲಿಲ್ಲ.

"ಲ್ಯಾಬಿನ ರಿಪೋರ್ಟ್ ಬಂತವಾ. ಒಂದು ಪ್ಯಾಕೆಟ್ ಮಿತಿ ದಾಟೇದ."

ಆಮೇಲೆ ಅವರು, "ನಿಮ್ಮ ಆಂಟಿಗೆ ಹೇಳಬ್ಯಾಡ" ಎಂದರು.

ಫೋನ್ ಇಟ್ಟು ಪಾಸ್‌ಪೋರ್ಟ್ ತೆಗೆದು ವೀಸಾದ ಪುಟ ನೋಡಿದೆ. ಎಲ್ಲ ಇದ್ದ ಹಾಗೇ ಇತ್ತು. ಮತ್ತೆ ಮತ್ತೆ ನೋಡಿದೆ.